ಗೋಡೆಗೆ ತಿರುಗಿದ ಹಲಗೆ

“ತಂದೆಯ ತಿಥಿಯ ದಿನ ಹತ್ತು ಜನರ ಮುಂದೆ ನನ್ನನ್ನು ಕಳ್ಳ ಎಂದವನು ನನ್ನ ಅಣ್ಣ. ಈಗ ಸಾಯುವ ಹಾಸಿಗೆಯಲ್ಲಿದ್ದಾನೆ, ಬಾ ಎಂದು ಹೇಳಿಕಳಿಸಿದ್ದಾನೆ. ಮೊದಲು ಅವನು ತಪ್ಪು ಒಪ್ಪಿಕೊಳ್ಳಲಿ, ಆಮೇಲೆ ಹೋಗುತ್ತೇನೆ. ಇದರಲ್ಲಿ ಅನ್ಯಾಯವೇನಿದೆ, ಗುರುಗಳೇ?” ಎಂದು ಶಿಷ್ಯ ಮಂಜಯ್ಯ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಕಡಲ ದಂಡೆಯ ಊರಿನಲ್ಲಿ ಒಬ್ಬ ಒಡೆಯನಿದ್ದ. ಅವನ ಬದುಕೆಲ್ಲ ಒಂದೇ ಹಾಯಿ ಹಡಗು. ಅದರ ತಳಕ್ಕೆ ಚಿಪ್ಪು ಕಟ್ಟಿತ್ತು, ಒಂದು ಹಲಗೆ ಸೋರುತ್ತಿತ್ತು. ಮಳೆಗಾಲದ ಕಡಲು ಏಳುವ ಮೊದಲು ಹಡಗನ್ನು ಹೊಳೆ ಕಡಲು ಸೇರುವ ಅಳಿವೆ ದಾಟಿಸಿ ಹೊಳೆಯೊಳಗೆ ಸೇರಿಸಬೇಕಿತ್ತು.

ಆ ಊರಿನ ಕಲ್ಲುಗೋಡೆಯ ಬುಡದಲ್ಲಿ ಮರದ ದಿಮ್ಮಿಗಳನ್ನು ಸಾಲಾಗಿ ಹಾಸಿದ್ದರು. ಉಬ್ಬರದಲ್ಲಿ ಹಡಗನ್ನು ಅವುಗಳ ಮೇಲಕ್ಕೆ ತಂದು ಗೋಡೆಗೆ ಕಟ್ಟುತ್ತಿದ್ದರು. ಇಳಿತದಲ್ಲಿ ನೀರು ಸರಿದು ಹಡಗು ದಿಮ್ಮಿಗಳ ಮೇಲೆ ನಿಲ್ಲುತ್ತಿತ್ತು. ನೀರು ಮತ್ತೆ ಏರುವುದರೊಳಗೆ ತಳ ಕೆರೆದು, ಸೋರುವ ಕಡೆ ಹತ್ತಿ ತುಂಬಿ ರಾಳ ಬಳಿಯಬೇಕು. ಹುಣ್ಣಿಮೆ ಕಳೆದು ಮೂರು ದಿನವಾಗಿತ್ತು. ಮರುದಿನದಿಂದ ನೀರು ಅಷ್ಟು ಕೆಳಗೆ ಇಳಿಯುವುದಿಲ್ಲ. ಅಮಾವಾಸ್ಯೆಗೆ ಕಾಯೋಣವೆಂದರೆ ಮಳೆ ಕಾಯುವುದಿಲ್ಲ.

ಬೆಳಗಾಗಿ ನೀರು ಇಳಿದಾಗ ಒಡೆಯ ನೋಡುತ್ತಾನೆ, ಸೋರುವ ಹಲಗೆ ಗೋಡೆಯ ಕಡೆಗಿದೆ. ಅದು ಹೊರಗಡೆಗೆ ಬರುವಂತೆ ಕಟ್ಟು ಎಂದು, ದುರಸ್ತಿಗೆ ಕರೆಸಿದ್ದ ಬಡಗಿಗೆ ರಾತ್ರಿಯ ಉಬ್ಬರದಲ್ಲೇ ಎರಡೆರಡು ಸಲ ಹೇಳಿದ್ದ. ಒಡೆಯನ ಮೈಯೆಲ್ಲ ಉರಿದುಹೋಯಿತು. ಬಡಗಿ ಉಳಿ ಹಿಡಿದು, ಮಲಗಿಕೊಂಡು ಹಡಗಿಗೂ ಗೋಡೆಗೂ ನಡುವಿನ ಸಂದಿಗೆ ನುಸುಳಿದ. ಒಡೆಯ ಅವನ ಕಾಲು ಹಿಡಿದು ಹೊರಗೆಳೆದ.

“ತಪ್ಪು ನಿನ್ನದು ಅಂತ ಮೊದಲು ಒಪ್ಪಿಕೋ. ಆಮೇಲೆ ನನ್ನ ಹಡಗು ಮುಟ್ಟು.”

“ರಾತ್ರಿ ಹಗ್ಗ ಎಳೆದು ಕಟ್ಟಿದವರು ನೀವು, ಒಡೆಯರೆ. ನಾನೇಕೆ ಒಪ್ಪಲಿ?”

ಒಡೆಯನಿಗೆ ಸಿಟ್ಟು ನೆತ್ತಿಗೇರಿತು. ನೀರು ಬರಲು ಇನ್ನೂ ಹೊತ್ತಿದೆ, ಇವನ ಸೊಕ್ಕು ಇಳಿಸದೆ ಬಿಡುವುದಿಲ್ಲ ಎಂದುಕೊಂಡ. ಊರವರನ್ನು ಕರೆಸಿದ. ಅರ್ಧ ಜನ ಇವನ ಕಡೆ, ಅರ್ಧ ಜನ ಅವನ ಕಡೆ ನಿಂತು ಕೂಗಾಡಿದರು. ಕೊನೆಗೆ ಒಬ್ಬ ಮುದುಕ ಹಗ್ಗದ ಗಂಟುಗಳನ್ನು ಒಂದೊಂದಾಗಿ ಮುಟ್ಟಿ ನೋಡಿ, ಇವು ಬಡಗಿಯ ಕೈಯವೇ ಎಂದ. ಬಡಗಿ ತಲೆ ತಗ್ಗಿಸಿ ತಪ್ಪು ಒಪ್ಪಿಕೊಂಡ. ಉಳಿ ಎತ್ತಿಕೊಂಡು ಹಡಗಿನ ಕಡೆ ತಿರುಗಿದರೆ, ನೀರು ಸೊಂಟದವರೆಗೆ ಬಂದಿತ್ತು.

ವಾರದೊಳಗೆ ಮೋಡ ಕಟ್ಟಿತು. ಬೇರೆ ದಾರಿಯಿಲ್ಲದೆ ಒಡೆಯ ಸೋರುವ ಹಡಗನ್ನೇ ಹೊರಡಿಸಿದ. ಅಳಿವೆಯ ಬಾಯಲ್ಲಿ ಅದು ನೀರು ತುಂಬಿ ಮುಳುಗಿತು. ಈಜಿ ದಡ ಸೇರಿದ ಒಡೆಯ ಅಲ್ಲಿದ್ದವರಿಗೆಲ್ಲ ಗಂಟು ಯಾರದೆಂದು ವಿವರಿಸುತ್ತ ನಿಂತ.

“ಹಾಗಾದರೆ ಒಡೆಯ ಹೇಳಿದ್ದೇ ಸರಿಯಿತ್ತಲ್ಲ, ಗುರುಗಳೇ?” ಎಂದ ಮಂಜಯ್ಯ.

“ಸರಿಯಿತ್ತು, ನಿನ್ನದೂ ಸರಿಯೇ ಇದೆ, ಹೋಗಿ ನಿನ್ನ ಅಣ್ಣನ ಹೆಣದಿಂದ ತಪ್ಪು ಒಪ್ಪಿಸಿಕೊಂಡು ಬಾ.”