ಮೂರನೆಯ ಇಳಿತ

ದೇಚಮ್ಮ ಆಶ್ರಮಕ್ಕೆ ಬಂದದ್ದು ಕುಂಟುತ್ತ, ಬೆನ್ನಿಗೆ ಸ್ನೋಬೋರ್ಡ್ ಕಟ್ಟಿಕೊಂಡು.

ಹಿಮದಲ್ಲಿ ಕೊರೆದ ಹಾಫ್‌ಪೈಪಿನಲ್ಲಿ, ನಾಲ್ಕಾಳೆತ್ತರದ ಎರಡು ಗೋಡೆಗಳ ನಡುವೆ ಆ ಹಲಗೆಯ ಮೇಲೆ ಜಾರಿ, ನೆಗೆದು, ಗಾಳಿಯಲ್ಲಿ ಸುತ್ತು ಹಾಕಿ ಅವಳು ಎರಡು ಸಲ ಜಗತ್ತನ್ನೇ ಗೆದ್ದಿದ್ದಳು. ಒಂದು ನೆಗೆತಕ್ಕೆ ಅವಳ ಹೆಸರೇ ಬಿದ್ದಿತ್ತು. ಆ ಹೆಸರು ಹೊತ್ತು ಹೊತ್ತು ಸಾಕಾಗಿತ್ತು. ಇಳಿಸಿಬಿಡಲು ಭಯವೂ ಇತ್ತು.

ಆಶ್ರಮದ ಅಜ್ಜನವರು ಧಾರವಾಡದ ಕಡೆಯವರು, ಹಿಮಾಲಯಕ್ಕೆ ಬಂದು ನೆಲೆಸಿ ನಲವತ್ತು ವರ್ಷವಾಗಿತ್ತು. ಸೇನೆಯಲ್ಲಿದ್ದ ಅಪ್ಪನ ಕೈ ಹಿಡಿದು ಬರುತ್ತಿದ್ದ ಈ ಕೊಡಗಿನ ಹುಡುಗಿಗೆ ಧ್ಯಾನ ಕಲಿಸಿದವರು ಅವರೇ. ಒಲೆಯ ಮುಂದೆ ಕೂತು ದೇಚಮ್ಮ ಎಲ್ಲ ಹೇಳಿಕೊಂಡಳು.

ಇನ್ನೊಮ್ಮೆ ಬಿದ್ದರೆ ನಡೆಯುವುದೇ ಕಷ್ಟ ಎಂದಿದ್ದರು ಡಾಕ್ಟರು. ಹೋದ ವರ್ಷ ಹದಿನೈದರ ಹುಡುಗಿಯೊಬ್ಬಳು ದೇಚಮ್ಮನ ನೆಗೆತಕ್ಕೆ ಇನ್ನರ್ಧ ಸುತ್ತು ಸೇರಿಸಿ ತೋರಿಸಿದ್ದಳು. ಈ ಚಳಿಗಾಲ ಮತ್ತೆ ಸ್ಪರ್ಧೆಗೆ ಇಳಿಯುವುದೋ ಬಿಡುವುದೋ, ನಾಳೆಯೊಳಗೆ ತಿಳಿಸಬೇಕಿತ್ತು.

“ಬಿಟ್ರೆ ಜನ ಮರೆತುಬಿಡ್ತಾರೆ, ಅಜ್ಜಾ.”

ಅಜ್ಜನಿಗೆ ಈ ಆಟದ ತಲೆಬುಡ ಗೊತ್ತಿರಲಿಲ್ಲ. ಅಷ್ಟೆಲ್ಲ ಹಾರಿದರೂ ಕೊನೆಗೆ ಕೆಳಗೇ ಬರಬೇಕಲ್ಲ ಎಂದು ನಕ್ಕರು. ಒಂದು ಸ್ಪರ್ಧೆಯಲ್ಲಿ ಎಷ್ಟು ಸಲ ಇಳಿಯುತ್ತೀರಿ ಎಂದು ವಿಚಾರಿಸಿದರು. ಮೂರು ಸಲ, ಅದರಲ್ಲಿ ಚೆನ್ನಾದದ್ದೊಂದೇ ಲೆಕ್ಕಕ್ಕೆ ಎಂದಳು.

“ಎರಡರಾಗ ಗೆದ್ದಬಿಟ್ರ?”

ಅಂಕದಲ್ಲಿ ಮುಂದಿರುವವರದ್ದೇ ಕೊನೆಯ ಸರದಿ. ಉಳಿದವರು ಯಾರೂ ಮೀರಿಸದಿದ್ದರೆ ಆ ಮೂರನೆಯದನ್ನು ಹೇಗೆ ಬೇಕಾದರೂ ಇಳಿಯಬಹುದು, ಎಷ್ಟೋ ಜನ ಕೈಬೀಸುತ್ತ ಬಂದುಬಿಡುತ್ತಾರೆ ಎಂದು ವಿವರಿಸಿದಳು.

“ನೀ ಹೆಂಗ ಬಂದಿ?”

ದೇಚಮ್ಮ ಒಲೆಯ ಕಡೆ ನೋಡಿದಳು. ಜಗತ್ತನ್ನು ಗೆದ್ದ ಎರಡು ಸಲವೂ ಅವಳಿಗೆ ಆ ಭಾಗ್ಯ ಸಿಕ್ಕಿತ್ತು. ಎರಡು ಸಲವೂ ಎಲ್ಲಕ್ಕಿಂತ ಕಷ್ಟದ ನೆಗೆತಕ್ಕೇ ಕೈಹಾಕಿದ್ದಳು. ಎರಡನೆಯ ಸಲ ಮೊಣಕಾಲು ಹೋಯಿತು.

ಪದಕ ಆಗಲೇ ತನ್ನದಾಗಿತ್ತು ಎಂದು ಹೇಳುವಾಗ ಅವಳಿಗೆ ನಾಚಿಕೆಯಾಯಿತು.

“ಮತ್ಯಾಕ ಹಾರಿದಿ?”

“ಸುಮ್ನೆ ಇಳಿಯೋಕೆ ನಂಗೆ ಬರಲ್ಲ, ಅಜ್ಜಾ.”

ಅಜ್ಜ ಎದ್ದು ಒಂದು ಖಾಲಿ ತಂಬಿಗೆ ತಂದು ಅವಳ ಕೈಗಿಟ್ಟರು. ಆಶ್ರಮದ ಬಾಗಿಲಿನಿಂದ ಕೆಳಗಿನ ಹೊಳೆಯ ತನಕ ಹಿಮದ ಇಳಿಜಾರು. ಚಹಾಕ್ಕೆ ನೀರು ಬೇಕು, ನಿನ್ನ ಹಲಗೆಯ ಮೇಲೇ ಹೋಗಿ ತಾ ಎಂದರು.

ಅವಳು ಹಲಗೆಗೆ ಕಾಲು ಬಿಗಿದು ಅಂಚಿಗೆ ಬಂದಳು. ನಡುದಾರಿಯಲ್ಲಿ ಒಂದು ದಿಬ್ಬ ಕಂಡಿತು. ಅಲ್ಲಿಂದ ಎಷ್ಟೆತ್ತರ ಏಳಬಹುದೆಂದು ಕಣ್ಣು ತಾನಾಗಿಯೇ ಅಳೆಯಿತು. ಇಳಿಜಾರಿನಲ್ಲಿ ನೋಡುವವರು ಒಂದು ನರಪಿಳ್ಳೆಯೂ ಇರಲಿಲ್ಲ. ಆದರೂ ನೋಯುವ ಮೊಣಕಾಲು ನೆಗೆತಕ್ಕೆ ಬಾಗಿತು.

ಹಿಂದಿನಿಂದ ಅಜ್ಜನ ದನಿ ಬಂತು.

“ಗೆದ್ದಾಗೇತಿ, ಮಗಳ. ಸೀದಾ ಇಳಿ.”