ಬೆರಳು ಚೀಪಿದ ಕರು

ಹತ್ತಿರ ಬನ್ನಿ ಮಕ್ಕಳೇ, ಕೇಳಿ. ಕಣಗಿಲೆಪುರ ಅಂತ ಒಂದು ರಾಜ್ಯ ಇತ್ತು. ಅಲ್ಲಿಯ ರಾಜನಿಗೆ ಎಲ್ಲದರಲ್ಲೂ ಕುತೂಹಲ. ಇರುವೆ ಸಾಲು ಕಂಡರೂ ಕುದುರೆ ನಿಲ್ಲಿಸಿ, "ಇವು ಎಲ್ಲಿಗೆ ಹೊರಟವು?" ಅಂತ ಕೇಳೋನು.

ಆ ರಾಜ್ಯದ ಒಂದು ಹಳ್ಳಿಯಲ್ಲಿ ಪುಟ್ಟೀರಮ್ಮ, ಮಾದಯ್ಯ ಅಂತ ಗಂಡ ಹೆಂಡತಿ ಇದ್ದರು. ಅವರಿಗಿದ್ದದ್ದು ಒಂದು ತುಂಡು ಹೊಲ, ಒಂದು ಹಸು, ಒಂದು ಮೇಕೆ. ಹಸು ಹೆಣ್ಣುಗರು ಹಾಕಿ ಅವತ್ತೇ ಸತ್ತುಹೋಯಿತು.

"ತಾಯಿಲ್ಲದ ಕರು ಉಳಿಯಲ್ಲ ಬಿಡಮ್ಮ" ಅಂದರು ಊರವರು.

ಪುಟ್ಟೀರಮ್ಮ ಬಿಡಲಿಲ್ಲ. ಗೋಣಿತಾಟು ಹೊದಿಸಿದಳು. ಒಣಹುಲ್ಲು ಹಾಸಿದಳು. ಮೇಕೆ ಹಾಲು ಕರೆದು ಕುಡಿಸಿದಳು. ಕರುವಿಗೆ ಭೇದಿ ಹತ್ತಿದಾಗ ಗಂಡ ಹೆಂಡತಿ ಸರದಿ ಮೇಲೆ ಪಕ್ಕದಲ್ಲೇ ಕೂತರು. ಕರು ಉಳೀತು. ಮೈ ತುಂಬಿ, ಬಾಲ ಎತ್ತಿ ಅಂಗಳದ ತುಂಬಾ ಓಡಾಡಿತು.

ಪಕ್ಕದ ಮನೆಯ ಬಂಗಾರಯ್ಯನಿಗೆ ಕೊಟ್ಟಿಗೆ ತುಂಬಾ ದನ. ಆದರೂ ಅವನ ಕಣ್ಣು ಈ ಕರುವಿನ ಮೇಲೆ ಬಿತ್ತು. ಒಂದು ದಿನ ಅದು ಅವನ ಹಿತ್ತಲಿಗೆ ಹೋದದ್ದೇ ತಡ, ಹಿಡಿದು ಕಟ್ಟಿಹಾಕಿದ.

"ನನ್ನ ಹಸು ಅವಳಿ ಕರು ಹಾಕಿತ್ತು. ಇದು ಅದರಲ್ಲೊಂದು" ಅಂದುಬಿಟ್ಟ. ಅವನಿಗೆ ಹೆದರಿ ಊರವರು ಬಾಯಿ ಬಿಡಲಿಲ್ಲ. ನ್ಯಾಯ ರಾಜನ ಹತ್ತಿರ ಹೋಯಿತು.

ರಾಜ ಮೊದಲು ಬಣ್ಣ ನೋಡಿದ. ಬಂಗಾರಯ್ಯ ಅದೇ ಬಣ್ಣದ ಹಸು ತಂದು ನಿಲ್ಲಿಸಿದ್ದ. ತೀರ್ಮಾನ ಆಗಲಿಲ್ಲ.

ಆಮೇಲೆ ಇಬ್ಬರಿಗೂ ಕರುವನ್ನು ಕರೆಯೋಕೆ ಹೇಳಿದ. ಬಂಗಾರಯ್ಯ ಅಂಗೈಯಲ್ಲಿ ಬೆಲ್ಲ ಬಚ್ಚಿಟ್ಟುಕೊಂಡಿದ್ದ. ಕರು ಅವನ ಕೈ ನೆಕ್ಕಿತು. ಪುಟ್ಟೀರಮ್ಮನ ಕಣ್ಣು ತುಂಬಿ ಬಂತು.

ರಾಜ ಅವಳೊಬ್ಬಳನ್ನೇ ಪಕ್ಕಕ್ಕೆ ಕರೆದ. "ಅಲ್ಲಮ್ಮ, ಕೆಚ್ಚಲೇ ಇಲ್ಲದೆ ಕರುವಿಗೆ ಹಾಲು ಹೇಗೆ ಕುಡಿಸಿದೆ?"

"ಕರು ತಲೆ ಮೇಲೆತ್ತಿ ಕೆಚ್ಚಲು ಹುಡುಕುತ್ತೆ ಸ್ವಾಮಿ. ತಲೆ ಬಗ್ಗಿಸಿ ಕುಡಿಯೋದನ್ನ ನಾವೇ ಕಲಿಸಬೇಕು. ಹಾಲಲ್ಲಿ ಬೆರಳದ್ದಿ ಬಾಯಿಗಿಡ್ತಿದ್ದೆ. ಅದು ಚೀಪ್ತಾ ಇದ್ದಂಗೇ ಕೈ ಮೆಲ್ಲಗೆ ಬೋಗುಣಿಗೆ ಇಳಿಸ್ತಿದ್ದೆ."

"ಹೌದಾ! ಅದನ್ನ ನಾನು ನೋಡಬೇಕಲ್ಲ" ಅಂದ ರಾಜ. ತಿರುಗಿ ಬಂದು ಬಂಗಾರಯ್ಯನನ್ನು ಕೇಳಿದ, "ಈ ಕರು ಯಾವತ್ತಾದರೂ ಪಾತ್ರೆಯಲ್ಲಿ ಹಾಲು ಕುಡಿದಿದೆಯಾ?"

"ಛೇ ಛೇ! ಹುಟ್ಟಿದಾಗಿಂದ ತಾಯಿ ಕೆಚ್ಚಲೇ ಸ್ವಾಮಿ. ನಮ್ಮನೇಲಿ ಕರುಗೆ ಪಾತ್ರೆ ಯಾಕೆ?"

ರಾಜ ಎರಡು ಬೋಗುಣಿ ಹಾಲು ತರಿಸಿದ. ಅರಮನೆಯ ಕರುವೊಂದನ್ನೂ ಬಿಡಿಸಿದ. ತಾಯಿಯ ಮೊಲೆ ಉಂಡು ಬೆಳೆದ ಆ ಕರು ಬೋಗುಣಿ ಮೂಸಿ, ಸೀನಿ, ಆಚೆ ಹೋಯಿತು. ಪುಟ್ಟೀರಮ್ಮನ ಕರು ನೆಟ್ಟಗೆ ಬಂದು, ಮೂತಿ ಅದ್ದಿ, ಸೊರಸೊರ ಕುಡಿದು, ಮೂಗಿನ ತುಂಬಾ ನೊರೆ ಮಾಡಿಕೊಂಡು ತಲೆ ಎತ್ತಿತು! ಬಂಗಾರಯ್ಯನ ಹಸುವಿನ ಹತ್ತಿರ ಬಿಟ್ಟರೆ, ಹಸು ಅದನ್ನು ಒದ್ದು ಓಡಿಸಿತು.

ಬಂಗಾರಯ್ಯನ ಮುಖ ಕಪ್ಪಿಟ್ಟಿತು.

"ಇನ್ನೊಂದು ಕರು ಬೇಕು ಅಂತ ತಾನೇ ಬಂದೆ?" ಅಂದ ರಾಜ. "ಈಗ ಈ ಹಸುವನ್ನೂ ಅವರಿಗೆ ಬಿಟ್ಟುಕೊಡು. ನೀನೇ ಹಗ್ಗ ಹಿಡಿದು ಅವರ ಕೊಟ್ಟಿಗೇಲಿ ಕಟ್ಟಿ ಬಾ."

ಬಂಗಾರಯ್ಯ ಊರೆಲ್ಲ ನೋಡುವಂತೆ ಹಸು ಹೊಡೆದುಕೊಂಡು ಹೋದ. ಮುಂದೆ ಪುಟ್ಟೀರಮ್ಮ, ಮಾದಯ್ಯ. ಅವರ ನಡುವೆ ಕರು.

ನೋಡಿದಿರಾ ಮಕ್ಕಳೇ? ಕರುವನ್ನು ಕದಿಯಬಹುದು, ಸಾಕಿದ ಕಷ್ಟವನ್ನು ಕದಿಯೋಕಾಗಲ್ಲ. ಇನ್ನೊಬ್ಬರು ಜೀವ ತೇದು ಬೆಳೆಸಿದ್ದನ್ನು ಯಾವತ್ತೂ ನನ್ನದು ಅನ್ನಬೇಡಿ.