ವಿಷ ಅರೆದ ಕೈ

ಮೂರು ಲೋಕದ ವಿಷವನ್ನೂ ಅಂಗೈ ಮೇಲಿಟ್ಟು ಆಡಿಸಿದ ಗುರುವಿನ ಕಥೆ ಇದು. ಸುಳ್ಳು ಬಿಡಿ. ಕೊಟ್ರಯ್ಯ ಪಂಡಿತರಿಗೆ ಇದ್ದದ್ದು ಹೊಳೆದಂಡೆಯ ಒಂದು ಆಶ್ರಮ, ಅದರ ಹಿಂದೆ ಔಷಧಿಗೆ ಬೇಕಾಗುವ ವಿಷಗಳ ಸಣ್ಣ ಕೋಣೆ. ಜೊತೆಗೆ ಪಂಪಣ್ಣ ಎಂಬ ಶಿಷ್ಯ.

ಆ ಕೋಣೆಯ ಬೀಗದಕೈ ತನ್ನ ಸೊಂಟಕ್ಕೆ ಬರಬೇಕೆಂದು ಪಂಪಣ್ಣನಿಗೆ ಬಹಳ ಆಸೆ. ಬಂದರೆ ಪಂಡಿತ. ಬಾರದಿದ್ದರೆ ಕಟ್ಟಿಗೆ ಒಡೆಯುವುದು ಇದ್ದೇ ಇದೆ.

ಒಂದು ಬೆಳಿಗ್ಗೆ ಗುರುಗಳು ಭರಣಿಯೊಂದನ್ನು ಅವನ ಮುಂದಿಟ್ಟರು.

"ಇವತ್ತು ನೀನೊಬ್ಬನೇ ಅರೆ. ಚಿಟಿಕೆ ನಾಲಿಗೆಗೆ ಬಿದ್ದರೆ ಎತ್ತಿನಂಥವನೂ ಏಳುವುದಿಲ್ಲ."

"ನನಗೆ ಹೇಳಬೇಕೆ, ಗುರುಗಳೇ?"

ಪಂಪಣ್ಣ ಮೂಗು ಬಾಯಿಗೆ ಬಟ್ಟೆ ಕಟ್ಟಿದ. ರಬ್ಬರಿನ ಕೈಗವಸು ತೊಟ್ಟ. ಉಸಿರು ಬಿಗಿಹಿಡಿದು ಆ ಬಿಳಿ ಪುಡಿಯನ್ನು ಅರೆದ. ಕೆಳಗೆ ಒಂದು ಕಣವೂ ಚೆಲ್ಲಲಿಲ್ಲ.

ಕೆಲಸ ಮುಗಿಯಿತು. ಖುಷಿಯಲ್ಲಿ ಅಗಳಿ ತೆಗೆದು ಹೊರಗೆ ಬಂದ. ಮುಖದ ಬಟ್ಟೆ ಕೆಳಗೆಳೆದು ಮೂಗು ತುರಿಸಿಕೊಂಡ. ಎದುರು ಬಂದ ಕರುವಿನ ಹಣೆ ಸವರಿದ. ಅಡುಗೆಮನೆಯಲ್ಲಿ ಚಂಬು ಎತ್ತಿ ಗಟಗಟ ನೀರು ಕುಡಿದ.

"ಏ ಪಂಪಣ್ಣ, ಆ ಚಂಬು ಇತ್ತ ಕೊಡಪ್ಪ, ಹಿಟ್ಟಿಗೆ ನೀರು ಬೇಕು," ಎಂದಳು ರೊಟ್ಟಿ ಬಡಿಯುತ್ತಿದ್ದ ಗೌರವ್ವ.

ಕೊಟ್ಟ. ಆಮೇಲೆ ಕೈಗವಸಿನ ನೆನಪಾಯಿತು. ಗುರುಗಳು ಕಲಿಸಿದಂತೆಯೇ ಒಳಗಿನದು ಹೊರಗಾಗುವ ಹಾಗೆ ಕಳಚಿ, ಕಸದ ಗುಂಡಿಗೆ ಹಾಕಿ, ಎದೆಯುಬ್ಬಿಸಿ ನಿಂತ.

ಗುರುಗಳು ಬಟ್ಟಲು ತುಂಬ ಅರಿಸಿನದ ನೀರು ಹಿಡಿದು ಬಂದರು. ಕೈಯಲ್ಲಿ ಬೇವಿನ ಸೊಪ್ಪು.

"ಇದೇನು ಗುರುಗಳೇ, ಪೂಜೆಯೆ?"

"ಸುಮ್ಮನೆ ಬಾ."

ಅಗಳಿಯ ಮೇಲೆ ಚಿಮುಕಿಸಿದರು. ಅಗಳಿ ಕೆಂಪಾಯಿತು.

ಕರುವಿನ ಹಣೆ ಕೆಂಪಾಯಿತು. ಚಂಬು ಕೆಂಪಾಯಿತು. ಗೌರವ್ವನ ಬೆರಳು ಕೆಂಪಾದವು, ನಾದಿದ ಹಿಟ್ಟೂ ಕೆಂಪಾಯಿತು.

"ನನ್ನ ರೊಟ್ಟಿಗೇ ಓಕುಳಿ ಆಡ್ತೀರೇನ್ರೀ?" ಎಂದು ಗೌರವ್ವ ಲಟ್ಟಣಿಗೆ ಹುಡುಕತೊಡಗಿದಳು.

"ಬಯ್ಯುವುದಾದರೆ ಇವನಿಗೆ ಬಯ್ಯಿ, ತಾಯಿ. ನಾನು ಭರಣಿಗೆ ತುಂಬಿದ್ದು ಎಲೆಯಡಿಕೆಯ ಸುಣ್ಣದ ಪುಡಿ. ಮನೆ ತುಂಬ ಹಂಚಿದವನು ಇವನು."

ಗುರುಗಳು ಕೊನೆಯದಾಗಿ ಶಿಷ್ಯನ ಮುಖಕ್ಕೆ ಚಿಮುಕಿಸಿದರು. ಗೌರವ್ವನಿಗೆ ಸಿಟ್ಟು ಮರೆತು ನಗು ಬಂತು. ಪಂಪಣ್ಣನ ಮೂಗಿನ ತುದಿ ತೊಂಡೆಹಣ್ಣಾಗಿತ್ತು.

ಅವನು ಸೋಲಲಿಲ್ಲ. ಎರಡೂ ಅಂಗೈ ಬಟ್ಟಲಿಗೆ ಅದ್ದಿ ಮೇಲೆತ್ತಿದ. ಬರೀ ಹಳದಿ.

"ನೋಡಿ ಗುರುಗಳೇ, ನನ್ನ ಕೈಗೆ ಒಂದು ಕಣವೂ ಅಂಟಿಲ್ಲ. ಬೀಗದಕೈ ಕೊಡಬಹುದಲ್ಲ?"

ಗುರುಗಳು ಆ ಕೈಗಳನ್ನು ಹಿಡಿದು, ತಿರುಗಿಸಿ ಮುರುಗಿಸಿ ನೋಡಿ, ಮೆಚ್ಚಿ ತಲೆದೂಗಿದರು.

"ನಿಜ ಕಣಪ್ಪ. ಇವತ್ತು ಇಡೀ ಆಶ್ರಮದಲ್ಲಿ ಬದುಕಿ ಉಳಿದದ್ದು ನಿನ್ನ ಈ ಎರಡು ಕೈ ಮಾತ್ರ."